ಅತ್ತರಿನ ಹಡಗು ಮುಳುಗಿದ ಜಾಗ

ಊರಿನ ಕಕ್ಕಸು, ಬಚ್ಚಲು, ಅಡುಗೆಮನೆಗಳ ಕೊಳೆನೀರೆಲ್ಲ ಇಳಿಜಾರು ಹಿಡಿದು ಹರಿದು ಬಂದು ಕೊನೆಗೆ ಹಳೆಯ ಬಂದರುಕಟ್ಟೆಯ ಮೂಲೆಯ ಒಂದು ಆಳದ ಬಾವಿಗೆ ಬೀಳುತ್ತಿತ್ತು. ಬಾವಿಯ ಮೇಲೆ ಕಲ್ಲುಗೋಡೆಯ ಪಂಪ್‌ಮನೆ. ಅಲ್ಲಿನ ಎರಡು ಪಂಪುಗಳು ಸರದಿಯ ಮೇಲೆ ಆ ನೀರನ್ನು ಎತ್ತಿ ಗುಡ್ಡದಾಚೆಯ ಶುದ್ಧೀಕರಣದ ಹೊಂಡಗಳಿಗೆ ತಳ್ಳಬೇಕು. ತಳ್ಳದಿದ್ದರೆ ಮುಕ್ಕಾಲು ಗಂಟೆಯಲ್ಲಿ ಬಾವಿ ತುಂಬುತ್ತದೆ. ತುಂಬಿದರೆ ಹಿಂಬದಿಯ ಕಬ್ಬಿಣದ ಗೇಟು ಎತ್ತಿ ಸಮುದ್ರಕ್ಕೆ ಬಿಡದೆ ಬೇರೆ ದಾರಿಯಿಲ್ಲ. ಆ ಗೇಟು ಎತ್ತುವ ಪ್ರಸಂಗ ಬಾರದ ಹಾಗೆ ಮೂವತ್ತೊಂದು ವರ್ಷ ಕಾದವನಿಗೆ ಊರವರು ಇಟ್ಟ ಹೆಸರು ಪಂಪಣ್ಣ. ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಅಲ್ಲೂ ಒಂದು ಅಕ್ಷರ ತಪ್ಪಿತ್ತು.

ಪಂಪಣ್ಣ ಹೊಲಸಿಗೆ ಹೇಸಿದವನಲ್ಲ. ಬಾವಿಯ ಬಾಯಲ್ಲಿ ಕಂಬಿಗಳ ಜಾಲರಿ ಇತ್ತು. ನೀರಿನ ಜೊತೆ ಬಂದ ಬಟ್ಟೆ, ಪ್ಲಾಸ್ಟಿಕ್ಕು, ಕೂದಲಿನ ಉಂಡೆ ಎಲ್ಲ ಅಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಗಂಟೆಗೊಮ್ಮೆ ಉದ್ದ ಹಿಡಿಯ ಕೊಕ್ಕೆಯಿಂದ ಅವನ್ನು ಎಳೆದು ತೆಗೆಯಬೇಕು. ಆ ಕೊಕ್ಕೆಗೆ ಏನೇನು ಸಿಕ್ಕಿತ್ತು ಎಂದು ಅವನು ಹೆಂಡತಿಗೆ ಹೇಳಿ ನಗಿಸುತ್ತಿದ್ದ. ಒಮ್ಮೆ ಮೇಲ್ಬೀದಿಯ ದೊಡ್ಡ ವಕೀಲರ ಕಟ್ಟುಹಲ್ಲಿನ ಸೆಟ್ಟು ಸಿಕ್ಕಿತು. ವಾಂತಿಯಾಗುವಾಗ ಜಾರಿದ್ದಂತೆ. ಅವರ ಮನೆಯ ಆಳು ಹುಡುಕಿಕೊಂಡು ಬಂದು, ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದ. ಮರುದಿನ ವಕೀಲರು ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಹಲ್ಲು ಕಿಸಿದದ್ದನ್ನು ಪಂಪಣ್ಣ ಕಣ್ಣಾರೆ ಕಂಡ. ಇನ್ನೊಮ್ಮೆ ಒಂದು ಉಂಗುರ ಸಿಕ್ಕಿತು. ಅದನ್ನು ಮೂರು ಸಲ ಸೋಪಿನಲ್ಲಿ ತೊಳೆದು ಒಡತಿಗೆ ಕೊಡಲು ಹೋದರೆ ಆಕೆ ಬಾಗಿಲಲ್ಲೇ ನಿಂತು ಒಂದು ಹಾಳೆ ಚಾಚಿ, ಅದರ ಮೇಲೆ ಹಾಕಿ ಎಂದಳು. ಆಗ ಅವನಿಗೆ ಅಸಹ್ಯವಾಗಿತ್ತು. ಬಾವಿಯ ನೀರಿನಿಂದ ಎಂದೂ ಆಗದ ಅಸಹ್ಯ ಮನುಷ್ಯರಿಂದ ಆಗಾಗ ಆಗುತ್ತಿತ್ತು.

ಮನೆಗೆ ಬರುವ ಮುಂಚೆ ಪಂಪ್‌ಮನೆಯಲ್ಲೇ ಒಂದು ಸ್ನಾನ, ಮನೆಗೆ ಬಂದು ಇನ್ನೊಂದು. ಆದರೂ ಸಿಟಿ ಬಸ್ಸಿನಲ್ಲಿ ಅವನ ಪಕ್ಕದ ಸೀಟು ಕೊನೆಯಲ್ಲಿ ತುಂಬುತ್ತಿತ್ತು. ಮಗಳು ಶಾಲೆಯಲ್ಲಿ ಅಪ್ಪನ ಕೆಲಸ ಏನೆಂದು ಕೇಳಿದರೆ "ನೀರಿನ ಇಲಾಖೆ" ಎನ್ನುವುದನ್ನು ಕಲಿತಳು. ಅವಳ ಮದುವೆಯ ಮಾತಿಗೆ ಬೀಗರು ಮನೆಗೆ ಬಂದಾಗಲೂ ಅದೇ ಮಾತು ನಡೆಯಿತು. ಬೀಗರದು ಪೇಟೆಯಲ್ಲಿ ಕನ್ನಡಕದ ಅಂಗಡಿ. ಊರಿಗೆ ನೀರು ಒದಗಿಸುವುದು ಎಂದರೆ ಪುಣ್ಯದ ಕೆಲಸ ಎಂದು ಬೀಗಿತ್ತಿ ಹೊಗಳಿದರು. ಪಂಪಣ್ಣ ತಲೆ ತಗ್ಗಿಸಿ ಬಿಸ್ಕತ್ತಿನ ತಟ್ಟೆ ಮುಂದಕ್ಕೆ ತಳ್ಳಿದ. ನೀರು ಎನ್ನುವುದು ಸುಳ್ಳಲ್ಲ, ಬರುವ ನೀರೋ ಹೋಗುವ ನೀರೋ ಎಂದು ಅವರು ಕೇಳಲಿಲ್ಲ ಎಂದು ಹೆಂಡತಿ ಆಮೇಲೆ ಸಮಾಧಾನ ಹೇಳಿದಳು. ಐದು ವರ್ಷ ಆ ಮಾತಿನ ಮೇಲೆಯೇ ನೆಂಟಸ್ತನ ನಡೆದುಕೊಂಡು ಬಂದಿತ್ತು. ತನ್ನ ಬಗ್ಗೆ ಅವನಿಗೇ ಹೇಸಿಗೆ ಎನಿಸುತ್ತಿದ್ದ ಸಂಗತಿ ಇದೊಂದೇ.

ವರ್ಷದ ಕೊನೆಯ ರಜೆ ಬಂತೆಂದರೆ ಆ ಊರಿಗೆ ದೀಪದ ಹುಚ್ಚು. ಹಳೆಯ ಕೋಟೆ, ಸುಂಕದ ಕಟ್ಟೆ, ವ್ಯಾಪಾರಿಗಳ ಮಹಡಿಮನೆಗಳು, ಬಂದರಿನ ಕಮಾನುಗಳು ಎಲ್ಲಕ್ಕೂ ಬಣ್ಣಬಣ್ಣದ ಬಲ್ಬಿನ ಸರ. ಅದನ್ನು ತೋರಿಸಲು ತೆರೆದ ಮಾಡಿನ ಬಸ್ಸುಗಳು. ಹೊರಗಿನಿಂದ ಜನ ಹಿಂಡುಹಿಂಡಾಗಿ ಬರುತ್ತಿದ್ದರು. ಜನ ಹೆಚ್ಚಿದಷ್ಟೂ ಬಾವಿಗೆ ಬೀಳುವ ನೀರು ಹೆಚ್ಚು. ಹಾಗಾಗಿ ಆ ಒಂದು ತಿಂಗಳು ಪಂಪಣ್ಣನಿಗೆ ರಜೆ ಇರುತ್ತಿರಲಿಲ್ಲ. ಅವನ ಹೆಂಡತಿ ಆ ಊರಿಗೆ ಸೊಸೆಯಾಗಿ ಬಂದು ಮೂವತ್ತು ವರ್ಷವಾದರೂ ಆ ದೀಪಗಳನ್ನು ಒಮ್ಮೆಯೂ ಹತ್ತಿರದಿಂದ ನೋಡಿರಲಿಲ್ಲ. ಒಬ್ಬಳೇ ಹೋಗಲು ಮನಸ್ಸಾಗುತ್ತಿರಲಿಲ್ಲವಂತೆ. ಪಂಪಣ್ಣ ನಿವೃತ್ತನಾದ ವರ್ಷ ಮಗಳು ಬೀಗರನ್ನೂ ಸೇರಿಸಿ ಬಸ್ಸಿನಲ್ಲಿ ಸೀಟು ಹಿಡಿದಳು. ಅಳಿಯನಿಗೆ ಅಂದು ಕೆಲಸವಿತ್ತು. ಬೀಗರು, ಬೀಗಿತ್ತಿ, ಮಗಳು, ನಾಲ್ಕು ವರ್ಷದ ಮೊಮ್ಮಗಳು, ಗಂಡಹೆಂಡಿರು ಇಬ್ಬರು. ಹೆಂಡತಿ ಪೆಟ್ಟಿಗೆಯ ತಳದಲ್ಲಿದ್ದ ಒಳ್ಳೆಯ ಬಟ್ಟೆ ತೆಗೆದು ಎರಡು ದಿನ ಬಿಸಿಲಿಗೆ ಹಾಕಿದಳು.

ಬಸ್ಸು ಹೊರಟಿದ್ದು ಸಂಜೆ ಆರೂವರೆಗೆ, ಗಡಿಯಾರದ ಕಂಬದ ಹತ್ತಿರದಿಂದ. ಗೈಡ್ ಒಬ್ಬ ಐವತ್ತರ ಆಸುಪಾಸಿನ ಗಂಡಸು. ಹಡಗಿನ ಕಪ್ತಾನನ ಕೋಟು ಹಾಕಿದ್ದ. ಕೋಟಿನ ಕಂಕುಳಲ್ಲಿ ಬೆವರಿನ ಬಿಳಿ ಗೆರೆ ಎದ್ದಿತ್ತು. ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈಯಲ್ಲಿ ಕಂಬಿ, ಸೊಂಟದಲ್ಲಿ ಎಂಥದೋ ಒಂದು ಡಬ್ಬ. ಮಾತು ಮಾತ್ರ ಅರಳು ಹುರಿದಂತೆ.

ಮೊದಮೊದಲು ಪಂಪಣ್ಣನಿಗೂ ಚೆನ್ನಾಗಿಯೇ ಕಂಡಿತು. ಹೆಂಡತಿ ಅವನ ತೋಳು ಹಿಡಿದುಕೊಂಡು ಕುಳಿತಿದ್ದಳು. ಆದರೆ ಬಸ್ಸು ಒಂದೊಂದು ಬೀದಿ ತಿರುಗಿದಂತೆ ಅವನ ಕಣ್ಣು ದೀಪ ಬಿಟ್ಟು ದೀಪದ ಹಿಂದಿನದನ್ನು ನೋಡತೊಡಗಿತು. ಸಾಲುಮರದ ಬೀದಿಯಲ್ಲಿ ಒಂದೊಂದು ಮರಕ್ಕೂ ಬುಡದಿಂದ ತುದಿಯವರೆಗೆ ವೈರು ಬಿಗಿದಿದ್ದರು. ಕಳೆದ ವರ್ಷದ ವೈರು ಬಿಚ್ಚದೆ ಅದರ ಮೇಲೇ ಈ ವರ್ಷದ್ದು. ತೊಗಟೆ ಊದಿಕೊಂಡು ವೈರನ್ನು ನುಂಗಿತ್ತು. ನಡುವಿನ ಮರವೊಂದು ಪೂರ್ತಿ ಸತ್ತಿತ್ತು. ಎಲೆಯಿಲ್ಲದ್ದರಿಂದ ಬಲ್ಬುಗಳು ಅದರಲ್ಲೇ ಚೆನ್ನಾಗಿ ಕಾಣುತ್ತಿದ್ದವು. ಜನ ಅದನ್ನು ನೋಡಿ ಚಪ್ಪಾಳೆ ಹೊಡೆದರು. ಆ ಮರದ ಹಿಂದೆ ಮೂರು ಜನ ಗಂಡಸರು ಸಾಲಾಗಿ ಗೋಡೆಗೆ ಮುಖ ಮಾಡಿ ನಿಂತಿದ್ದರು. ಹಸಿರು ದೀಪದಲ್ಲಿ ಅವರ ಕಾಲಡಿಯ ಹೊಳೆಯೂ ಹಸಿರಾಗಿ ಹೊಳೆಯುತ್ತಿತ್ತು.

ಹಗ್ಗ ಹೊಸೆಯುವವರ ಓಣಿಯಲ್ಲಿ ಬಸ್ಸು ನಿಧಾನವಾಯಿತು. ಪ್ರತಿ ಕಿಟಕಿಯಲ್ಲೂ ಹಳದಿ ದೀಪ. ಇಂದಿಗೂ ಇಲ್ಲಿ ಹಳೆಯ ಕುಟುಂಬಗಳೇ ಬಾಳುತ್ತಿವೆ ಎಂದ ಗೈಡ್. ಓಣಿಯನ್ನು ಖಾಲಿ ಮಾಡಿಸಿ ಎಂಟು ವರ್ಷವಾಗಿತ್ತು. ಯಾವ ಮನೆಯಿಂದಲೂ ಒಂದು ಚೆಂಬು ನೀರು ಸಹ ಪೈಪಿಗೆ ಬೀಳುವುದಿಲ್ಲವೆಂದು ಪಂಪಣ್ಣನಿಗೆ ಗೊತ್ತಿತ್ತು. ಊರಿನ ಹೊಟ್ಟೆಯೊಳಗಿನ ನಕಾಶೆ ಅವನಷ್ಟು ಬಲ್ಲವರಿರಲಿಲ್ಲ. ಮುಂದೆ ಗುಲಾಬಿ ಬಣ್ಣ ಸುರಿದಿದ್ದ ಕಲ್ಲಿನ ತೊಟ್ಟಿಯೊಂದನ್ನು ತೋರಿಸಿ, ರಾಣಿಯೊಬ್ಬಳು ಹುಣ್ಣಿಮೆಗೆ ಮೀಯುತ್ತಿದ್ದ ಕೊಳ ಎಂದಾಗ ಅವನಿಗೆ ತಡೆಯಲಾಗಲಿಲ್ಲ. ಹೆಂಡತಿಯ ಕಿವಿಯಲ್ಲಿ ಹೇಳಿದ: "ಅದು ಹಡಗಿನ ಕೂಲಿಗಳ ಕಕ್ಕಸಿನ ತೊಟ್ಟಿ ಕಣೆ. ಅದರ ಪೈಪು ಕಿತ್ತವನು ನಾನೇ."

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಸುಮ್ಮನಿರ್ರೀ. ಬೀಗಿತ್ತಿ ಫೋಟೋ ತೆಗೀತಿದ್ದಾರೆ."

ಬಂದರುಕಟ್ಟೆಯ ತಿರುವು ಬಂತು. ಗೈಡ್ ಒಮ್ಮೆಲೇ ದನಿ ತಗ್ಗಿಸಿದ. ನೂರಾರು ವರ್ಷಗಳ ಹಿಂದೆ ದೂರದೇಶದಿಂದ ಅತ್ತರು ತುಂಬಿಕೊಂಡು ಬಂದ ಹಡಗೊಂದು ಇದೇ ಜಾಗದಲ್ಲಿ ಮುಳುಗಿತು, ಅದರ ಪೀಪಾಯಿಗಳು ಇನ್ನೂ ತಳದಲ್ಲಿ ಸೋರುತ್ತಿವೆ, ಅದೃಷ್ಟವಂತರಿಗೆ ಇಂದಿಗೂ ಆ ಪರಿಮಳ ಬರುತ್ತದೆ ಎಂದ. ಹೀಗೆನ್ನುತ್ತ ಬೆನ್ನ ಹಿಂದೆ ಕೈ ಸರಿಸಿ ಸೊಂಟದ ಡಬ್ಬದ ತಲೆ ಒತ್ತಿದ. ಪುಸ್ಸೆಂದು ಸಣ್ಣ ಸದ್ದು. ಅಗ್ಗದ ಸೆಂಟಿನ ಘಾಟು ಬಸ್ಸಿನ ತುಂಬ ಹರಡಿತು. ಬಂತು, ಬಂತು, ನನಗೆ ಬಂತು ಎಂದು ಜನ ಒಬ್ಬರಿಗೊಬ್ಬರು ಹೇಳಿಕೊಂಡರು. ಬೀಗಿತ್ತಿ ಕಣ್ಣು ಮುಚ್ಚಿ ಉಸಿರೆಳೆದರು.

ಪಂಪಣ್ಣನ ಮೂಗಿಗೆ ಸೆಂಟಿನ ಅಡಿಯಲ್ಲಿದ್ದದ್ದೂ ಬಂತು. ಹಳಸಿದ ವಾಸನೆ ಬೇರೆ, ಹಸಿ ವಾಸನೆ ಬೇರೆ. ಇದು ಹಸಿಯದು, ಈಗಷ್ಟೇ ಬಂದದ್ದು. ಅವನು ಕಿವಿ ಕೊಟ್ಟು ಕೇಳಿದ. ಪಂಪು ಓಡುತ್ತಿದ್ದರೆ ಕಟ್ಟೆಯ ಕಲ್ಲಿನಲ್ಲೇ ಒಂದು ಗುಂಯ್ ಎನ್ನುವ ನಡುಕ ಇರುತ್ತದೆ. ನಿದ್ದೆಯಲ್ಲೂ ಅವನಿಗೆ ಅದು ಗೊತ್ತಾಗುತ್ತಿತ್ತು. ಬಸ್ಸು ನಿಂತು ಅವನು ಕಟ್ಟೆಯ ಮೇಲೆ ಕಾಲಿಟ್ಟಾಗ ಕಲ್ಲು ಸತ್ತ ಹಾಗಿತ್ತು.

ಎದುರಿಗೆ ಅವನ ಪಂಪ್‌ಮನೆ. ಗುರುತೇ ಸಿಗದ ಹಾಗೆ ಅದರ ಮೈಮೇಲೆ ನೀಲಿ ದೀಪದ ಪರದೆ ಇಳಿಬಿಟ್ಟು, ಮಾಡಿನ ಮೇಲೆ ತಗಡಿನ ಗೋಪುರ ಕೂರಿಸಿದ್ದರು. ದೀಪಸ್ತಂಭದ ಕಾವಲುಗಾರನ ಮನೆ ಎಂದು ಗೈಡ್ ಹೇಳುತ್ತಿದ್ದ. ಮೂರು ವರ್ಷದ ಹಿಂದೆ ಈ ಕಟ್ಟೆಗೂ ದೀಪ ಹಾಕಬೇಕೆಂದು ಹೊರಟಾಗ ಸುತ್ತಮುತ್ತ ಬೇರೆ ವಿದ್ಯುತ್ ಲೈನಿರಲಿಲ್ಲ. ಪಂಪಿನ ಲೈನಿನಿಂದಲೇ ಕೊಡು ಎಂದು ಎಂಜಿನಿಯರು ಬಂದು ಕೇಳಿದ್ದರು. ಎರಡನ್ನೂ ಒಟ್ಟಿಗೆ ಹೊರುವ ಶಕ್ತಿ ಆ ಲೈನಿಗಿಲ್ಲ, ದೀಪ ಬೇಕಾದರೆ ಪಂಪು ನಿಲ್ಲಿಸಬೇಕಾಗುತ್ತದೆ ಎಂದು ಪಂಪಣ್ಣ ಹೇಳಿದ್ದ. ಹೇಳಿದ್ದನ್ನು ರಿಜಿಸ್ಟರಿನಲ್ಲಿ ಬರೆದು ಅವರ ಸಹಿ ಕೇಳಿದ್ದ. ಎಂಜಿನಿಯರು ಮುಖ ಕೆಂಪಗೆ ಮಾಡಿಕೊಂಡು ಹೋಗಿದ್ದರು. ಆಗ ಅಲ್ಲಿಗೆ ಮುಗಿಯಿತೆಂದುಕೊಂಡಿದ್ದ. ಅವರು ಅವನ ನಿವೃತ್ತಿಗೆ ಕಾದಿದ್ದರೆಂದು ಈಗ ಅರ್ಥವಾಯಿತು.

ಅವನು ಕಟ್ಟೆಯ ಅಂಚಿಗೆ ಹೋಗಿ ಬಗ್ಗಿ ನೋಡಿದ. ಗೇಟು ಮೇಲೆದ್ದಿತ್ತು. ಅದರ ಬಾಯಿಂದ ಕಂದು ನೀರು ಸದ್ದಿಲ್ಲದೆ ಸುರಿದು ಹರಡುತ್ತಿತ್ತು. ಮೇಲೆ ನೀಲಿ, ಗುಲಾಬಿ, ಬಂಗಾರದ ಬಣ್ಣ. ಜನ ನೀರಿನಲ್ಲಿ ಕಂಡ ಆ ಪ್ರತಿಬಿಂಬದ ಫೋಟೋ ತೆಗೆಯುತ್ತಿದ್ದರು. ಕಟ್ಟೆಯ ಮೆಟ್ಟಿಲ ಹತ್ತಿರ ಕಾಗದದ ದೋಣಿಯಲ್ಲಿ ಮೇಣದ ಬತ್ತಿ ಇಟ್ಟು ಮಾರುತ್ತಿದ್ದರು. ಕೊಂಡವರು ಮೆಟ್ಟಿಲಿಳಿದು ದೋಣಿಯನ್ನು ತೇಲಿಬಿಡುತ್ತಿದ್ದರು. ದೋಣಿಗಳ ನಡುವೆ ಏನೇನು ತೇಲುತ್ತಿದೆಯೆಂದು ಯಾರೂ ನೋಡುತ್ತಿರಲಿಲ್ಲ, ನೋಡಿದವರು ಪಾಚಿ ಎಂದುಕೊಂಡಿರಬೇಕು.

ಅಷ್ಟು ಹೊತ್ತಿಗೆ ಬೀಗಿತ್ತಿ ಮೊಮ್ಮಗಳ ಕೈ ಹಿಡಿದು ಕೊನೆಯ ಮೆಟ್ಟಿಲಲ್ಲಿ ಕೂತಾಗಿತ್ತು. ದೋಣಿ ಬಿಟ್ಟಿದ್ದರು. ಅದು ಮುಂದೆ ಹೋಗಲೆಂದು ಮಗು ಎರಡೂ ಕೈಯಿಂದ ನೀರನ್ನು ತಳ್ಳುತ್ತಿತ್ತು. ಬೀಗಿತ್ತಿ ತಾವೂ ಒಂದು ಬೊಗಸೆ ನೀರೆತ್ತಿ ಕತ್ತು ಕೆನ್ನೆಗೆ ಹಚ್ಚಿಕೊಂಡರು, ಸೆಕೆಗೆ ಹಿತವಾಯಿತೇನೋ. ಮಗು ಒದ್ದೆ ಬೆರಳನ್ನು ಬಾಯಿಗಿಟ್ಟು ಚೀಪಿತು.

ಪಂಪಣ್ಣ ಹೇಗೆ ಮೆಟ್ಟಿಲಿಳಿದನೋ ಅವನಿಗೇ ತಿಳಿಯದು. ಮಗುವನ್ನು ಎತ್ತಿಕೊಂಡು ಅದರ ಬಾಯೊಳಗೆ ತನ್ನ ಅಂಗಿಯ ಚುಂಗು ಹಾಕಿ ಒರೆಸಿದ. ಮಗು ಚೀರಿತು. ಬೀಗಿತ್ತಿ ಗಾಬರಿಯಾಗಿ ಏನಾಯಿತೆಂದು ಕೇಳಿದರು.

"ಮುಟ್ಟಬೇಡಿ. ಮೇಲೆ ಬನ್ನಿ," ಎಂದ. "ಅದು ಕಕ್ಕಸಿನ ನೀರು."

ಮೆಟ್ಟಿಲ ಮೇಲಿದ್ದವರೆಲ್ಲ ತಿರುಗಿದರು. ಗೈಡ್ ಮೇಲಿನಿಂದಲೇ ಮೈಕಿನಲ್ಲಿ ನಕ್ಕು, ಹಿರಿಯರು ತಮಾಷೆ ಮಾಡುತ್ತಿದ್ದಾರೆ, ಇದು ಸಮುದ್ರದ ಪಾಚಿಯ ಬಣ್ಣ ಎಂದ. ಬೀಗಿತ್ತಿ ಒದ್ದೆ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ನಿಂತಿದ್ದರು. ಅವರ ಮುಖದಲ್ಲಿ ನಂಬಿಕೆಯೂ ಇರಲಿಲ್ಲ, ಅಪನಂಬಿಕೆಯೂ ಇರಲಿಲ್ಲ.

"ನಿಮಗೆ ಹೇಗೆ ಗೊತ್ತು, ಬೀಗರೇ?"

ಮಗಳು ಕಟ್ಟೆಯ ಮೇಲಿನಿಂದ ಅಪ್ಪನನ್ನೇ ನೋಡುತ್ತಿದ್ದಳು. ಬೇಡ ಎನ್ನುವ ಹಾಗೆ ತಲೆ ಸ್ವಲ್ಪ ಅಲ್ಲಾಡಿಸಿದಳು. ಅಷ್ಟು ದೂರದಿಂದಲೂ ಅವನಿಗೆ ಅದು ಕಂಡಿತು.

"ಮೂವತ್ತೊಂದು ವರ್ಷ ಇದನ್ನೇ ತಳ್ಳಿದ್ದೀನಿ, ಅಮ್ಮ. ಆ ಮನೆಯಲ್ಲಿ ಕೂತು," ಎಂದ, ನೀಲಿ ಪರದೆಯ ಕಡೆ ಬೆರಳು ಮಾಡಿ. "ನೀರಿನ ಇಲಾಖೆ ಅಂದಿದ್ವಲ್ಲ. ಈ ನೀರೇ ಅದು."

ಬೀಗಿತ್ತಿ ಒಂದು ಮೆಟ್ಟಿಲು ಮೇಲೆ ಹತ್ತಿ, ಅವನಿಂದ ಬಟ್ಟೆ ಸರಿಸಿಕೊಂಡು ಪಕ್ಕಕ್ಕೆ ನಿಂತರು. ಕತ್ತಿಗೆ ಹಚ್ಚಿಕೊಂಡ ನೀರಿನ್ನೂ ಇಳಿಯುತ್ತಿತ್ತು, ಆದರೆ ಅವರು ಸರಿದದ್ದು ಅವನಿಂದ. ಪಂಪಣ್ಣ ಅದನ್ನು ಕಂಡ. ಮಗುವನ್ನು ಹೆಂಡತಿಯ ಕೈಗೆ ಕೊಟ್ಟು, ಬಾಟಲಿ ನೀರಿನಲ್ಲಿ ಅದರ ಬಾಯಿ ತೊಳೆಯಲು ಹೇಳಿ, ನೆಟ್ಟಗೆ ಪಂಪ್‌ಮನೆಯ ಹಿಂಬಾಗಿಲಿಗೆ ನಡೆದ.

ಒಳಗೆ ಅವನ ಜಾಗಕ್ಕೆ ಬಂದವನು ಕೂತಿದ್ದ. ಒಂಬತ್ತು ವರ್ಷ ಪಂಪಣ್ಣನ ಕೈಕೆಳಗೆ ಕೆಲಸ ಕಲಿತವನು, ಎರಡು ಮಕ್ಕಳ ತಂದೆ. ಬಾಯಿಮೂಗಿಗೆ ಬಟ್ಟೆ ಸುತ್ತಿಕೊಂಡು ಮೊಬೈಲಿನಲ್ಲಿ ಆಟ ನೋಡುತ್ತಿದ್ದ. ಪಂಪಣ್ಣನನ್ನು ಕಂಡು ಎದ್ದು ನಿಂತ. ಎರಡೂ ಪಂಪು ತಣ್ಣಗಿದ್ದವು. ಗೋಡೆಯ ಮೇಲೆ ಹೊಸದೊಂದು ದೊಡ್ಡ ಸ್ವಿಚ್ಚು ಕೂರಿಸಿದ್ದರು. ಅದರ ಹಿಡಿಯನ್ನು ಮೇಲೆ ಮಾಡಿದರೆ ದೀಪ, ಕೆಳಗೆ ಮಾಡಿದರೆ ಪಂಪು. ಯಾರೋ ಸೀಮೆಸುಣ್ಣದಲ್ಲಿ ಹಾಗೆಂದು ಬರೆದೂ ಇದ್ದರು. ಹಿಡಿ ಮೇಲಿತ್ತು.

ಕೇಳುವ ಮೊದಲೇ ಅವನು ಎಲ್ಲ ಹೇಳಿಕೊಂಡ. ಎರಡು ವಾರದಿಂದ ಹೀಗೆಯೇ, ಸಂಜೆ ಆರರಿಂದ ಹತ್ತರವರೆಗೆ. ಎಂಜಿನಿಯರರ ಬಾಯಿಮಾತಿನ ಆಜ್ಞೆ, ಕಾಗದವಿಲ್ಲ. ಕೇಳಿದ್ದಕ್ಕೆ ನಿನ್ನ ಹಾಗೆ ನೂರು ಜನ ಸಿಗುತ್ತಾರೆ ಎಂದರಂತೆ. ಪಂಪಣ್ಣ ಮೇಜಿನ ಮೇಲಿದ್ದ ರಿಜಿಸ್ಟರು ತೆರೆದು ನೋಡಿದ. ಗಂಟೆಗೊಮ್ಮೆ ಪಂಪಿನ ಮೀಟರು ನೋಡಿ ಬರೆಯುವ ಪುಸ್ತಕ ಅದು. ನಿನ್ನೆ ಸಂಜೆ ಏಳು, ಎಂಟು, ಒಂಬತ್ತು ಗಂಟೆಯ ಎದುರಿಗೆ ದುಂಡಗಿನ ಅಕ್ಷರದಲ್ಲಿ ಅಂಕಿಗಳಿದ್ದವು, ಪಂಪು ಓಡಿದಾಗ ಬರುವಂಥ ಅಂಕಿಗಳೇ. ಮೊನ್ನೆಯದೂ ಹಾಗೇ. ಇವತ್ತಿನದನ್ನು ಹತ್ತು ಗಂಟೆಯವರೆಗೂ ಮುಂದಾಗಿಯೇ ಬರೆದಿಟ್ಟಿದ್ದ.

ಹೊರಗಿನ ನೀರನ್ನು ನೋಡಿದಾಗ ಬಾರದ ವಾಕರಿಕೆ ಪಂಪಣ್ಣನಿಗೆ ಈಗ ಬಂತು. ಆ ದುಂಡು ಅಕ್ಷರವನ್ನು ತಿದ್ದಿಸಿದವನು ಅವನೇ. ಅಂಕಿ ಸ್ಪಷ್ಟವಾಗಿರಬೇಕು, ನಾಳೆ ಓದುವವನಿಗೆ ಅನುಮಾನ ಬರಬಾರದು ಎಂದು ಹೇಳಿಕೊಟ್ಟಿದ್ದ.

"ಹೊರಗೆ ಮಕ್ಕಳು ನೀರಾಡ್ತಿದ್ದಾವೆ," ಎಂದ. "ಗೊತ್ತಾ ನಿಂಗೆ?"

"ಗೊತ್ತಣ್ಣ. ಅದಕ್ಕೇ ಹೊರಗೆ ಹೋಗಲ್ಲ ನಾನು."

ಪಂಪಣ್ಣ ಸ್ವಿಚ್ಚಿನ ಹತ್ತಿರ ಹೋದ. ಆತ ಅಡ್ಡ ಬರಲಿಲ್ಲ, ಬಾಯಿಯ ಬಟ್ಟೆಯನ್ನು ಕೆಳಗೆ ಸರಿಸಿದ. "ಅಣ್ಣ, ನನ್ನ ಕೆಲಸ ಹೋಗುತ್ತೆ."

"ಕಕ್ಕಸಿಗೆ ಹೋಗಿದ್ದೆ, ಬರೋದ್ರೊಳಗೆ ಮುದುಕ ನುಗ್ಗಿದ ಅಂತ ಹೇಳು. ಎಲ್ಲರೂ ನಂಬ್ತಾರೆ. ಎಲ್ಲರೂ ಹೋಗೋದೇ ತಾನೆ."

ಆತ ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ಪಂಪಣ್ಣ ಹಿಡಿಯನ್ನು ಕೆಳಗೆ ಜಗ್ಗಿದ. ಮೊದಲ ಪಂಪು ಕೆಮ್ಮಿ, ಗೊರಗೊರ ಎಂದು, ಆಮೇಲೆ ಹದಕ್ಕೆ ಬಂತು. ಎರಡನೆಯದನ್ನೂ ಹಚ್ಚಿದ. ಬಾವಿಯ ಮಟ್ಟ ಇಳಿಯತೊಡಗಿದ ಮೇಲೆ ಗೇಟಿನ ಚಕ್ರಕ್ಕೆ ಎರಡೂ ಕೈ ಹಾಕಿ ತಿರುಗಿಸಿದ. ಮೂವತ್ತನಾಲ್ಕು ಸುತ್ತು. ಹಿಂದೆಲ್ಲ ಎಣ್ಣೆ ಬಿಟ್ಟು ಪರೀಕ್ಷಿಸುವಾಗ ಒಂದೇ ಉಸಿರಿಗೆ ಮಾಡುತ್ತಿದ್ದದ್ದಕ್ಕೆ ಈಗ ಮೂರು ಸಲ ನಿಲ್ಲಬೇಕಾಯಿತು. ಹೊರಗೆ ಕಟ್ಟೆಯ ಉದ್ದಕ್ಕೂ ಕತ್ತಲೆ. ಮೊದಲು ಓ ಎಂದು ಕೂಗು, ಸಿಳ್ಳೆ, ನಗು. ಆಮೇಲೆ ನಗು ನಿಂತಿತು. ಕಣ್ಣಿಗೆ ಕೆಲಸವಿಲ್ಲದ ಮೇಲೆ ಮೂಗು ಕೆಲಸಕ್ಕೆ ಹತ್ತಿತು. ಇದೇನು ನಾತ ಎಂದು ಒಬ್ಬರು, ಥೂ ಎಂದು ಇನ್ನೊಬ್ಬರು. ಯಾರೋ ಮೊಬೈಲಿನ ಬೆಳಕನ್ನು ನೀರಿನ ಮೇಲೆ ಬಿಟ್ಟು ನೋಡಿರಬೇಕು. ಒಬ್ಬ ಹೆಂಗಸು ವಾಂತಿ ಮಾಡಿಕೊಳ್ಳುವ ಸದ್ದು ಕೇಳಿಸಿತು. ಗೈಡ್ ಕತ್ತಲಲ್ಲೇ ಡಬ್ಬ ಒತ್ತುತ್ತಿದ್ದ, ಪುಸ್ ಪುಸ್ ಎಂದು, ಅದು ಖಾಲಿಯಾಗುವವರೆಗೂ.

ಪಂಪಣ್ಣ ಹೊರಗೆ ಬಂದಾಗ ಇಬ್ಬರು ಪೊಲೀಸರು ಕಾದಿದ್ದರು. ಹೆಸರು, ವಿಳಾಸ ಬರೆದುಕೊಂಡರು. ಅವರಲ್ಲೊಬ್ಬ ಮೂಗು ಮುಚ್ಚಿಕೊಂಡೇ ಕೇಳಿದ, ಇದು ದಿನವೂ ಹೀಗೇನಾ ಎಂದು. ದಿನವೂ ಎಂದ. ಆತ ಪುಸ್ತಕ ಮುಚ್ಚಿ, ಹೋಗಿ ಎಂದುಬಿಟ್ಟ. ಬಸ್ಸಿನಲ್ಲಿ ಹಿಂದಿರುಗುವಾಗ ಬೀಗರು ಬೀಗಿತ್ತಿ ಮುಂದಿನ ಸೀಟಿಗೆ ಹೋಗಿ ಕುಳಿತರು. ಮಗಳು ಕಿಟಕಿಯ ಕಡೆ ತಿರುಗಿಯೇ ಇದ್ದಳು. ಅವನ ಪಕ್ಕದಲ್ಲಿ ಹೆಂಡತಿ, ತೊಡೆಯ ಮೇಲೆ ನಿದ್ದೆಹೋದ ಮಗು. ಚಕ್ರದ ಎಣ್ಣೆಮಸಿ ಅಂಗಿಗೆ ಹತ್ತಿದ್ದರೂ ಅವಳು ಅವನ ತೋಳು ಬಿಟ್ಟಿರಲಿಲ್ಲ.

ಮಗುವಿಗೆ ಮೂರು ದಿನ ವಾಂತಿ ಭೇದಿ ಹಿಡಿಯಿತು. ಆಸ್ಪತ್ರೆಯಲ್ಲಿ ಗ್ಲೂಕೋಸು ಏರಿಸಿದರು. ಅದೇ ವಾರ್ಡಿನಲ್ಲಿ ಅಂಥವೇ ಏಳು ಮಕ್ಕಳಿದ್ದವು. ಡಾಕ್ಟರಮ್ಮ ಹೊರಗಿನ ತಿಂಡಿಯಿಂದ ಇರಬೇಕು ಎಂದರು. ಪಂಪಣ್ಣ ವಿಷಯ ಹೇಳಿದ. ಆಕೆ ಕೇಳಿಸಿಕೊಂಡು, ಮಕ್ಕಳೆಲ್ಲರ ಚೀಟಿಯ ಮೇಲೆ ಏನನ್ನೋ ಸೇರಿಸಿದರು. ಇತ್ತ ಅವನ ಮನೆಗೆ ಇಲಾಖೆಯ ನೋಟೀಸು ಬಂತು: ಅಕ್ರಮ ಪ್ರವೇಶ, ಸಾರ್ವಜನಿಕರ ಆನಂದಕ್ಕೆ ಅಡ್ಡಿ. ಆನಂದಕ್ಕೆ ಅಡ್ಡಿ ಎನ್ನುವುದನ್ನು ಹೆಂಡತಿ ಎರಡು ಸಲ ಓದಿಸಿ ಕೇಳಿದಳು. ಪಂಪಣ್ಣ ಉತ್ತರವಾಗಿ ಒಂದು ಅರ್ಜಿ ಬರೆದ: ಕಳೆದ ಎರಡು ವಾರದ ರಿಜಿಸ್ಟರಿನ ಪುಟಗಳ ನಕಲು, ಅದೇ ದಿನಗಳಲ್ಲಿ ಗುಡ್ಡದಾಚೆಯ ಹೊಂಡಕ್ಕೆ ತಲುಪಿದ ನೀರಿನ ಅಳತೆ, ಎರಡನ್ನೂ ಕೊಡಿ ಎಂದು. ಎರಡೂ ಹೊಂದುವುದಿಲ್ಲವೆಂದು ಅರ್ಜಿ ಓದಿದ ಯಾರಿಗಾದರೂ ತಿಳಿಯುತ್ತಿತ್ತು.

ನಾಲ್ಕನೆಯ ದಿನ ಎಂಜಿನಿಯರೇ ಮನೆಗೆ ಬಂದರು. ಕುರ್ಚಿಯ ತುದಿಯಲ್ಲಿ ಕುಳಿತು, ನೀವು ಹಿರಿಯರು, ಊರಿನ ಮರ್ಯಾದೆ ನೋಡಬೇಕು, ಜನ ಎಲ್ಲೆಲ್ಲಿಂದಲೋ ಬರುತ್ತಾರೆ ಎಂದೆಲ್ಲ ಹೇಳಿದರು. ಅರ್ಜಿ ವಾಪಸ್ಸು ತೆಗೆದುಕೊಂಡರೆ ನೋಟೀಸೂ ವಾಪಸ್ಸು. ಪಂಪಣ್ಣ ಅವರ ಕೈಗಳನ್ನೇ ನೋಡುತ್ತಿದ್ದ. ನುಣುಪಾದ, ಉಗುರು ಕತ್ತರಿಸಿದ, ಸ್ವಚ್ಛವಾದ ಕೈಗಳು. ಕೊಕ್ಕೆಗೆ ಸಿಕ್ಕಿದ ಯಾವ ವಸ್ತುವನ್ನೂ ಮುಟ್ಟಲು ಹಿಂಜರಿಯದ ಅವನಿಗೆ ಆ ಕೈಯನ್ನು ಕುಲುಕಬೇಕಾಗಿ ಬಂದರೆ ಹೇಗಪ್ಪಾ ಎನಿಸಿತು.

"ಪಂಪು ಓಡೋ ಹಾಗೆ ಮಾಡಿ. ಆಮೇಲೆ ಅರ್ಜಿ ಮಾತು," ಎಂದಷ್ಟೇ ಹೇಳಿದ.

ಅದಾದ ವಾರಕ್ಕೆ ಕಟ್ಟೆಗೆ ಲಾರಿಯ ಮೇಲೆ ಜನರೇಟರು ಬಂತು. ದೀಪಗಳು ಅದರಿಂದ ಉರಿದವು, ಪಂಪು ತನ್ನ ಲೈನಿನಿಂದ ಓಡಿತು. ಯಾರೂ ಅವನಿಗೆ ತಿಳಿಸಲಿಲ್ಲ. ಸಂಜೆ ದೀಪ ಹತ್ತಿದ ಮೇಲೆ ವಾಕಿಂಗಿಗೆ ಹೋದಾಗ ಕಾಲಡಿಯ ಕಲ್ಲು ನಡುಗುವುದು ಅವನಿಗೇ ಗೊತ್ತಾಯಿತು. ಅರ್ಜಿ ವಾಪಸ್ಸಾಯಿತು, ನೋಟೀಸೂ ವಾಪಸ್ಸಾಯಿತು, ರಿಜಿಸ್ಟರಿನ ಸುಳ್ಳು ಅಂಕಿಗಳು ಅಲ್ಲೇ ಉಳಿದವು. ಅವನ ಜಾಗಕ್ಕೆ ಬಂದವನ ಕೆಲಸವೂ ಉಳಿಯಿತು. ಆದರೆ ದಾರಿಯಲ್ಲಿ ಪಂಪಣ್ಣನನ್ನು ಕಂಡರೆ ಆತ ಎದುರು ಬದಿಗೆ ದಾಟಿಬಿಡುತ್ತಿದ್ದ. ಗೈಡನ ಅತ್ತರಿನ ಹಡಗು ಮಾತ್ರ ದಿನಕ್ಕೆ ನಾಲ್ಕು ಸಲ ಮುಳುಗುತ್ತಲೇ ಇತ್ತು, ಹೊಸ ಡಬ್ಬದೊಂದಿಗೆ.

ಮಗಳು ಒಂದೂವರೆ ತಿಂಗಳು ಮಾತಾಡಲಿಲ್ಲ. ದೀಪ ಆರಿಸಿದ್ದಕ್ಕೆ ಅವಳಿಗೆ ಸಿಟ್ಟಿರಲಿಲ್ಲ. ಮಗುವನ್ನು ಆಸ್ಪತ್ರೆಯಲ್ಲಿ ಕಂಡ ಮೇಲೆ ಆ ಮಾತನ್ನು ಅವಳೇ ಒಪ್ಪಿದಳು. ಅಷ್ಟು ಜನರ ಮುಂದೆ ಅತ್ತೆಗೆ ಹಾಗೆ ಹೇಳಬೇಕಿತ್ತೇ ಎನ್ನುವುದೇ ಅವಳ ದುಃಖ. ಬೀಗರ ಮನೆಗೆ ಹೋಗುವುದೂ ಅಲ್ಲಿಂದ ಬರುವುದೂ ನಿಂತಿತು. ಹೀಗಿರುವಾಗ ಒಂದು ಬೆಳಿಗ್ಗೆ ಮಗಳೇ ಫೋನು ಮಾಡಿದಳು. ಅತ್ತೆಯ ಮನೆಯ ಬಚ್ಚಲು ಕಟ್ಟಿಕೊಂಡಿದೆ, ಎರಡು ದಿನದಿಂದ ಇಬ್ಬರು ಪ್ಲಂಬರು ಬಂದು ಹೋದರು, ನೀರು ಹಜಾರಕ್ಕೆ ಬಂದಿದೆ, ನೀವು ಬಂದು ನೋಡಿದರೆ ಆಗುತ್ತಿತ್ತು ಎಂದು ಅತ್ತೆ ಅಂದರು ಎಂದಳು. ಹೆಂಡತಿ ಪಕ್ಕದಲ್ಲಿ ನಿಂತು ಹೋಗಬೇಡಿ ಎಂದು ಕೈಯಾಡಿಸುತ್ತಿದ್ದಳು. ಅವನು ಹೋದ.

ಕಂಬಿ, ಕೊಕ್ಕೆ, ಬಕೆಟ್ಟು ಅವನದೇ. ಮಾರುದ್ದದ ಕೂದಲಿನ ಹಗ್ಗ, ಅದರ ತುದಿಗೆ ಕೊಳೆತ ಸೋಪು, ಯಾರದೋ ಕಾಲುಚೀಲ ಎಲ್ಲ ಹೊರಬಂದವು. ಒಂದು ತಾಸಿನಲ್ಲಿ ನೀರು ಗಳಗಳ ಇಳಿಯಿತು. ಬೀಗಿತ್ತಿ ಬಾಗಿಲ ಆಚೆ ಮೂಗು ಮುಚ್ಚಿಕೊಂಡು ನಿಂತು, ಆಯಿತೇ ಎಂದು ಆಗಾಗ ಕೇಳುತ್ತಿದ್ದರು. ಆದ ಮೇಲೆ ಬಹಳ ಉಪಕಾರವಾಯಿತು, ಬೀಗರೇ ಎಂದರು. ಆ ದಿನದ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡಿ ಎಂದೂ ಹೇಳಿದರು. ಅಂಗಳದಲ್ಲಿ ಕುರ್ಚಿ ಹಾಕಿಸಿ, ನೀಲಿ ಗೆರೆಯ ಪಿಂಗಾಣಿ ಕಪ್ಪಿನಲ್ಲಿ ಚಹ ತಂದುಕೊಟ್ಟರು. ಚಹ ಚೆನ್ನಾಗಿತ್ತು. ಅವರ ದನಿಯಲ್ಲಿ ಕಪಟವೇನೂ ಕಾಣಲಿಲ್ಲ. ಪಂಪಣ್ಣನಿಗೆ ಮನಸ್ಸು ಹಗುರವಾಯಿತು.

ಹೊರಟು ಬೀದಿಯ ತುದಿಯವರೆಗೆ ಬಂದವನು ಕೊಕ್ಕೆ ಮರೆತದ್ದು ನೆನಪಾಗಿ ಹಿಂದಿರುಗಿದ. ಗೇಟಿನ ಪಕ್ಕದ ಕಸದ ಡಬ್ಬದಲ್ಲಿ, ಬಚ್ಚಲಿನಿಂದ ತೆಗೆದ ಕೂದಲಿನ ಪೊಟ್ಟಣದ ಮೇಲೆ, ನೀಲಿ ಗೆರೆಯ ಕಪ್ಪು ಬಿದ್ದಿತ್ತು. ಒಡೆದಿರಲಿಲ್ಲ, ಬಿರುಕೂ ಇರಲಿಲ್ಲ. ತಳದಲ್ಲಿ ಅವನು ಕುಡಿದುಬಿಟ್ಟ ಚಹದ ಗಸಿ ಇನ್ನೂ ಒದ್ದೆಯಾಗಿತ್ತು.

ಅವನು ಕರೆಗಂಟೆ ಒತ್ತಲಿಲ್ಲ. ಡಬ್ಬಕ್ಕೆ ಕೈ ಹಾಕಿ ಕಪ್ಪನ್ನು ಎತ್ತಿಕೊಂಡ, ಗೋಡೆಗೊರಗಿದ್ದ ಕೊಕ್ಕೆಯನ್ನೂ ತೆಗೆದುಕೊಂಡು ಮನೆಗೆ ಬಂದ. ಕಪ್ಪನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದು ಅಡುಗೆಮನೆಯ ಹಲಗೆಯ ಮೇಲೆ ಬೋರಲು ಇಟ್ಟ. ಸಂಜೆ ಹೆಂಡತಿ ಅದರಲ್ಲೇ ಅವನಿಗೆ ಚಹ ಹಾಕಿ ತಂದು, ಎಲ್ಲಿಂದ ಬಂತು ಇದು, ಇಷ್ಟು ಚೆಂದದ ಕಪ್ಪು ಎಂದು ಕೇಳಿದಳು.

"ಬೀಗರು ಕೊಟ್ಟರು," ಎಂದ.

ಒಂದೇ ಕೊಟ್ಟರಲ್ಲ ಎಂದು ಅವಳು ಮುಖ ಸಿಂಡರಿಸಿದಳು. ಅವನು ಅರ್ಧ ಚಹ ಕುಡಿದು, ಉಳಿದರ್ಧವನ್ನು ಅವಳ ಕಡೆ ಸರಿಸಿದ.